ಟರ್ಫ್ ಬದಲಾದರೆ ಆಟಗಾರ ದಡ್ಡನಾ?

ನಾಳೆ ಬೆಳಿಗ್ಗೆ ಸಿಗ್ನಲ್ಸ್ ಇಂಟರ್ನಲ್ಸ್. ಮೂರನೇ ಮಾಡ್ಯೂಲ್ ಇನ್ನೂ ಮುಟ್ಟಿಲ್ಲ. ಓದೋಣ ಅಂತ ಕೂತರೆ ಕೈ ತಾನಾಗೇ ಮೊಬೈಲಿಗೆ ಹೋಗಿ 2024ರ ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ಕ್ವಾರ್ಟರ್ ಫೈನಲ್ ಹಚ್ಚಿಬಿಡ್ತದೆ. ಎಷ್ಟನೇ ಸಲವೋ! 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್, ಆಮೇಲೆ ಪೂರ್ತಿ ಹತ್ತೇ ಜನ. ಆದರೂ ಬ್ರಿಟನ್ ಜೊತೆ 1–1, ಶೂಟೌಟ್‌ನಲ್ಲಿ 4–2. ಗೆದ್ದದ್ದು ಗೊತ್ತಿದ್ದೂ ಪ್ರತಿ ಸಲ ಎದೆ ಹೊಡ್ಕೊಳ್ತದೆ.

ತಮಾಷೆ ಅಂದ್ರೆ ನಾನು ಹಾಕಿ ಸ್ಟಿಕ್ ಹಿಡಿದವನೇ ಅಲ್ಲ. ನಮ್ಮೂರು ಸೇಡಂ ತಾಲ್ಲೂಕಿನ ಆದಿತ್ಯನಗರದ ಹತ್ರ. ಸಿಮೆಂಟ್ ಫ್ಯಾಕ್ಟರಿ, ತೊಗರಿ ಹೊಲ, ಕಾಗಿಣಾ ಹೊಳೆ ಎಲ್ಲಾ ಅದಾವ. ಟರ್ಫ್ ನೋಡಿದ್ದು ಮಾತ್ರ ಟಿವಿಯಲ್ಲೇ.

ಟರ್ಫ್ ಅಂದಕೂಡಲೇ ಒಂದು ಕಥೆ ಹೇಳಬೇಕು. 1975ರ ಮಾರ್ಚ್‌ನಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದಲ್ಲಿ ಭಾರತ ವಿಶ್ವಕಪ್ ಗೆದ್ದಿತು, ಹುಲ್ಲಿನ ಮೇಲೆ. ಹದಿನಾರು ತಿಂಗಳಿಗೆ ಮಾಂಟ್ರಿಯಲ್ ಒಲಿಂಪಿಕ್ಸ್. ಅಲ್ಲಿ ಮೊದಲ ಸಲ ಕೃತಕ ಟರ್ಫ್ ಹಾಸಿದ್ದರು. ಅದೇ ನಾಯಕ, ಆದರೆ ಭಾರತ ಏಳನೇ ಸ್ಥಾನ! ಸೋಲಿಗೆ ಬೇರೆ ಕಾರಣಗಳೂ ಇದ್ದಾವು. ಆದರೆ ಹದಿನಾರು ತಿಂಗಳಲ್ಲಿ ದೇಶದ ಪ್ರತಿಭೆ ಆವಿಯಾಗಿ ಹೋಯ್ತಾ? ನೆಲ ಬದಲಾಗಿತ್ತು. ಅಭ್ಯಾಸ ಮಾಡೋಕೆ ನಮ್ಮಲ್ಲಿ ಆ ನೆಲ ಇರಲಿಲ್ಲ. 1980ರಲ್ಲಿ ಚಿನ್ನ ಬಂತು ನಿಜ, ಬಹಳ ದೇಶಗಳು ಬಹಿಷ್ಕರಿಸಿದ್ದ ಒಲಿಂಪಿಕ್ಸ್ ಅದು. ಮುಂದಿನ ಪದಕಕ್ಕೆ 2021ರವರೆಗೆ ಕಾಯಬೇಕಾಯ್ತು.

ಇದೆಲ್ಲ ತಲೆಗೆ ಬಂದದ್ದು ಮೊನ್ನೆ ಮೆಸ್ಸಿನಲ್ಲಿ ಗೆಳೆಯನೊಬ್ಬ, "ನಿಂಗೇನ್ ಮಗಾ, 371ಜೆ ಸೀಟು. ಮೆರಿಟ್ ಯಾಕೆ ಬೇಕು?" ಅಂದಾಗ. ಅವನು ಕೆಟ್ಟವನಲ್ಲ, ನನ್ನ ಪಾಲಿನ ಹಪ್ಪಳ ಕದಿಯೋದು ಬಿಟ್ಟರೆ. ಕಲ್ಯಾಣ ಕರ್ನಾಟಕದ ಹುಡುಗರಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು. ಹೌದು, ನಾನು ಆ ಎಂಟರಲ್ಲಿ ಬಂದವನು. ಹತ್ತನೇವರೆಗೆ ಕನ್ನಡ ಮೀಡಿಯಂ. 'ಸಮೀಕರಣ' ಅಂದ್ರೆ ನಿದ್ದೆಗಣ್ಣಲ್ಲೂ ಬಿಡಿಸ್ತಿದ್ದೆ. ಪಿಯುಸಿಯಲ್ಲಿ ಅದೇ 'ಈಕ್ವೇಶನ್' ಆದಾಗ ಆರು ತಿಂಗಳು ಬಾಯಿ ಬಿಡಲಿಲ್ಲ. ಲೆಕ್ಕ ಅದೇ ಇತ್ತು, ಟರ್ಫ್ ಬೇರೆ.

ರೋಹಿದಾಸ್ ಊರು ಒಡಿಶಾದ ಸುಂದರ್‌ಗಢ ಜಿಲ್ಲೆಯ ಸೌನಾಮಾರಾ. ಮಾಜಿ ನಾಯಕ ದಿಲೀಪ್ ತಿರ್ಕಿಯದೂ ಅದೇ ಹಳ್ಳಿ. ಇಬ್ಬರೂ ಪಾನ್‌ಪೋಶ್‌ನ ಕ್ರೀಡಾ ಹಾಸ್ಟೆಲ್‌ನಿಂದ ಬಂದವರು. ಆ ಹಾಸ್ಟೆಲ್ ಸೀಟನ್ನು ಯಾರಾದರೂ ಹಂಗಿನದು ಅಂತಾರಾ?

ಹಾಗಂತ ನೆಲ ಕೊಟ್ಟರೆ ಎಲ್ಲ ಸರಿಹೋಯ್ತು ಅನ್ನೋ ಭ್ರಮೆಯೂ ನನಗಿಲ್ಲ. ಟೋಕಿಯೋದಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಮೊದಲ ಭಾರತೀಯ ಮಹಿಳೆ. ನಾಲ್ಕೇ ದಿನಕ್ಕೆ ತಂಡ ಸೆಮಿಫೈನಲ್ ಸೋತಿತು. ಹರಿದ್ವಾರದ ಅವರ ಮನೆ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿ ಆದದ್ದಕ್ಕೇ ಸೋತಿತು ಅಂತ ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಹ್ಯಾಟ್ರಿಕ್‌ಗಿಂತ ದೊಡ್ಡ ಮೆರಿಟ್ ಯಾವುದು, ನೀವೇ ಹೇಳಿ.

ಗೆಳೆಯನಿಗೆ ಅವತ್ತು ಇದ್ಯಾವುದನ್ನೂ ಹೇಳಲಿಲ್ಲ. ನಕ್ಕು ಸಾರು ಬಡಿಸಿಕೊಂಡೆ. ಈಗ ರಾತ್ರಿ ಒಂದೂವರೆಗೆ ಅವನೇ ಬಾಗಿಲು ಬಡಿದ: "ಲೋ, ಫೋರಿಯರ್ ಸ್ವಲ್ಪ ಹೇಳ್ಕೊಡೋ." ಮೂರನೇ ಮಾಡ್ಯೂಲ್ ಅವನೂ ಮುಟ್ಟಿಲ್ಲವಂತೆ. ಇಬ್ಬರೂ ಈಗ ಮೊದಲ ಪುಟದಲ್ಲಿದ್ದೇವೆ.