ಗಾಲಿ ಮೇಲಿನ ಮನೆ ಸರಿ, ರಜೆ ಯಾರಿಗೆ?

ಅಮೆರಿಕದಲ್ಲಿ ಅಕ್ಕನೋ ತಂಗಿಯೋ ಮಗಳೋ ಇರುವವರ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ಸಲ ಬಂದೇ ಬರುತ್ತದೆ: 'ಈ ಸಲ ಬನ್ನಿ, ಮಕ್ಕಳನ್ನು ಡಿಸ್ನಿ ವರ್ಲ್ಡ್‌ಗೆ ಕರ್ಕೊಂಡು ಹೋಗೋಣ.' ಮಕ್ಕಳು ಕುಣಿಯುತ್ತಾರೆ. ದೊಡ್ಡವರಿಗೆ ಮಾತ್ರ ಅಲ್ಲಿಂದಲೇ ಲೆಕ್ಕಾಚಾರ ಶುರು. ಉಳಿಯೋದೆಲ್ಲಿ? ಹೋಟೆಲ್ ರೂಮ್ ಬುಕ್ ಮಾಡೋದಾ, ಆರ್‌ವಿ ಬಾಡಿಗೆಗೆ ಹಿಡಿಯೋದಾ?

ಆರ್‌ವಿ ಅಂದರೆ ಗಾಲಿ ಮೇಲಿನ ಮನೆ. ಮುಂದೆ ಡ್ರೈವರ್ ಸೀಟು, ಹಿಂದೆ ಮಂಚಗಳು, ಸ್ಟೌ, ಫ್ರಿಜ್, ಪುಟ್ಟ ಬಚ್ಚಲು, ಟಾಯ್ಲೆಟ್. ಸಿನಿಮಾದಲ್ಲಿ ನೋಡಿದಾಗ ಯಾರಿಗೇ ಆದರೂ ಆಸೆ ಹುಟ್ಟಬೇಕು. ನನಗೂ ಹುಟ್ಟಿತ್ತು.

ಕೆಲವು ವರ್ಷಗಳ ಹಿಂದೆ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಅಟ್ಲಾಂಟಾದ ಅಕ್ಕನ ಮನೆಗೆ ಹೋಗಿದ್ದೆ. ಏಪ್ರಿಲ್ ಮೊದಲ ವಾರ, ಅಲ್ಲಿನ ಶಾಲೆಗಳಿಗೂ ರಜೆ. ಅಕ್ಕ, ಭಾವ, ಅವರ ಇಬ್ಬರು ಹುಡುಗರು, ನಾವು ಮೂವರು, ಒಟ್ಟು ಏಳು ಜನ. ಹೋಟೆಲಾದರೆ ಎರಡು ರೂಮು ಬೇಕು. ಅಮ್ಮ ಹೊರಗಡೆ ಊಟ ಮುಟ್ಟುವವರಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. 'ಆರ್‌ವಿ ತಗೊಂಡ್ರೆ ಮನೆ ಅಡುಗೆ, ಹೋಟೆಲ್ ದುಡ್ಡೂ ಉಳೀತು' ಅಂದರು ಭಾವ. ಹಿಂದೆಲ್ಲ ಮೆಟಡೋರ್ ಮಾಡಿಕೊಂಡು, ಪಾತ್ರೆ ಸ್ಟೌ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗುತ್ತಿದ್ದುದನ್ನು ನೆನೆಸಿಕೊಂಡು ಅಮ್ಮನೂ ಹೂಂ ಅಂದರು.

ದುಡ್ಡು ಉಳಿಯಿತಾ?

ಬಾಡಿಗೆ ಹಾಳೆಯ ಮೇಲ್ಗಡೆ ಬರೆದಿದ್ದ ದಿನದ ದರ ನೋಡಿದಾಗ ಅಗ್ಗ ಅನ್ನಿಸಿದ್ದು ನಿಜ. ಕೆಳಗೆ ಬರುಬರುತ್ತಾ ಪಟ್ಟಿ ಉದ್ದವಾಯಿತು. ಇಂತಿಷ್ಟು ಮೈಲಿ ದಾಟಿದರೆ ಮೈಲಿಗಿಷ್ಟು, ಜನರೇಟರ್ ಹಾಕಿದರೆ ಗಂಟೆಗಿಷ್ಟು, ವಿಮೆ ಬೇರೆ, ವಾಪಸ್ ಕೊಡುವಾಗ ಟ್ಯಾಂಕ್ ಖಾಲಿ ಮಾಡಿರದಿದ್ದರೆ ಅದಕ್ಕೂ ದಂಡ. ಇದರ ಮೇಲೆ ಗಾಡಿ ನಿಲ್ಲಿಸುವ ಕ್ಯಾಂಪ್‌ಗ್ರೌಂಡಿಗೆ ರಾತ್ರಿಗಿಷ್ಟು ಅಂತ ಬೇರೆ ಬಾಡಿಗೆ.

ಪೆಟ್ರೋಲ್ ಲೆಕ್ಕ ಕೇಳಿ. ಅಟ್ಲಾಂಟಾದಿಂದ ಆರ್ಲ್ಯಾಂಡೊಗೆ ಹೆಚ್ಚುಕಡಿಮೆ 700 ಕಿಲೋಮೀಟರ್, ಹೋಗಿ ಬರೋಕೆ 1,400. ಅಂಥ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಅಂದರೆ 350 ಲೀಟರ್! ಕಾರಿನಲ್ಲಾದರೆ ಅದರ ಮೂರನೇ ಒಂದು ಭಾಗ ಸಾಕಿತ್ತು. ಕೊನೆಗೆ ಕೂಡಿ ಕಳೆದು ನೋಡಿದರೆ ಎರಡು ಹೋಟೆಲ್ ರೂಮಿನ ಖರ್ಚಿಗೂ ಇದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ನಿಂತ ಗಾಡಿಗೆ ಗಾಲಿ ಯಾಕೆ?

ಡಿಸ್ನಿ ವರ್ಲ್ಡ್ ಒಳಗೇ 1971ರಿಂದ ಫೋರ್ಟ್ ವೈಲ್ಡರ್ನೆಸ್ ಅನ್ನೋ ಕ್ಯಾಂಪ್‌ಗ್ರೌಂಡ್ ಇದೆ. ಜಾಗವೇನೋ ಚೆಂದ. ಪೈನ್ ಮರಗಳ ಕಾಡು, ನಮ್ಮ ನಮ್ಮ ಜಾಗಕ್ಕೇ ನೀರು, ಕರೆಂಟು, ಕೊಳಚೆ ಪೈಪು. ಅಲ್ಲಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿಯಲ್ಲೇ ಹೋಗಬಹುದು, ಉಳಿದ ಮೂರು ಪಾರ್ಕುಗಳಿಗೆ ಬಸ್ಸು. ಮಕ್ಕಳಿಗಂತೂ ಸ್ವರ್ಗ.

ಆದರೆ ಯೋಚನೆ ಮಾಡಿ. ಥೀಮ್ ಪಾರ್ಕಿಗೆ ಬಂದವರು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ರಾತ್ರಿ ಕಾಲೆಳೆದುಕೊಂಡು ವಾಪಸ್ ಬರುತ್ತಾರೆ. ಪೈಪು, ವೈರು ಎಲ್ಲ ಜೋಡಿಸಿಟ್ಟ ಗಾಡಿಯನ್ನು ಒಂದು ಪ್ಯಾಕೆಟ್ ಹಾಲು ತರೋಕೆ ಅಂತ ಯಾರೂ ಬಿಚ್ಚುವುದಿಲ್ಲ. ನಾಲ್ಕು ದಿನ ನಮ್ಮ ಆರ್‌ವಿ ನಿಂತಲ್ಲೇ ನಿಂತಿತ್ತು. ಗಾಲಿಗೆ ದುಡ್ಡು ಕೊಟ್ಟು ನಾವು ಸುತ್ತಿದ್ದು ಮಾತ್ರ ಬಸ್ಸಿನಲ್ಲಿ.

ಅಡುಗೆಮನೆ ಬಿಟ್ಟೀತೆ?

ಇನ್ನು ಒಳಗಿನ ಸಂಸಾರ. ಎಸಿ, ಮೈಕ್ರೋವೇವ್, ರೈಸ್ ಕುಕ್ಕರ್ ಮೂರನ್ನೂ ಒಟ್ಟಿಗೆ ಹಾಕಿದರೆ ಕರೆಂಟ್ ಹೋಗುತ್ತಿತ್ತು. ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟಿದ್ದೇ ತಡ, ಹೊಗೆಯ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗಿತು. ಅಡುಗೆ ಮಾಡುವ ಜಾಗಕ್ಕೂ ಟಾಯ್ಲೆಟ್ಟಿಗೂ ಎರಡೇ ಹೆಜ್ಜೆ. ಮಡಿಯ ಅಮ್ಮನ ಮುಖ ನೋಡೋಕೆ ಆಗುತ್ತಿರಲಿಲ್ಲ. ಟಾಯ್ಲೆಟ್ ಟ್ಯಾಂಕ್ ತುಂಬುತ್ತಾ ಬಂದಾಗ ಕೈಗವಸು ಹಾಕಿಕೊಂಡು ಪೈಪಿನಿಂದ ಖಾಲಿ ಮಾಡುವ ಕೆಲಸವೂ ಇದೆ. ಪಾಪ, ಭಾವ ಗೊಣಗದೆ ಮಾಡಿದರು. ಅಷ್ಟು ದೂರ ಆ ದೊಡ್ಡ ಗಾಡಿ ಓಡಿಸಿದವರೂ ಅವರೇ.

ಆದರೆ ಅವರ ಕೆಲಸ ದಿನಕ್ಕೊಂದು ಹೊತ್ತಿಗೆ ಮುಗಿಯುತ್ತಿತ್ತು. ನಮ್ಮದು? ಬೆಳಗ್ಗೆ ಐದಕ್ಕೆದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬು, ರಾತ್ರಿ ಬಂದು ಅನ್ನ ಸಾರು ಮಾಡು, ಅಂಗೈಯಗಲದ ಸಿಂಕಿನಲ್ಲಿ ಏಳು ಜನರ ತಟ್ಟೆ ತೊಳೆ, ಮೇಜು ಮಡಚಿ ಹಾಸಿಗೆ ಹಾಸು. ಬೆಂಗಳೂರಿನಲ್ಲಿ ಕೆಲಸದವಳಾದರೂ ಬರುತ್ತಾಳೆ!

ಎರಡನೇ ದಿನ ಸಂಜೆ ಅಮ್ಮನಿಗೆ ಸುಸ್ತಾಯಿತು. ಅಡುಗೆಯೂ ಆಗಬೇಕಲ್ಲ ಅಂತ ಅಕ್ಕ ಅಮ್ಮನ ಜೊತೆ ಬೇಗ ದೋಣಿ ಹತ್ತಿದಳು. ನಾವು ಸಿಂಡರೆಲ್ಲಾ ಅರಮನೆಯ ಮೇಲೆ ಸಿಡಿಮದ್ದು ನೋಡಿಕೊಂಡು ಬಂದೆವು. ಅಕ್ಕನ ಕಿರಿಮಗ ಓಡಿಬಂದು, 'ಅಮ್ಮಾ, ನೀನು ನೋಡ್ಬೇಕಿತ್ತು!' ಅಂದ. ಅವಳು ನಕ್ಕು ಚಪಾತಿ ಬಡಿಸಿದಳು. ಆ ರಾತ್ರಿಯ ಒಂದು ಫೋಟೋದಲ್ಲೂ ಅಕ್ಕ ಇಲ್ಲ. ಇವತ್ತಿಗೂ ಆ ಆಲ್ಬಂ ತೆಗೆದಾಗ ನನಗೆ ಕಸಿವಿಸಿ. ನಾನಾದರೂ 'ನೀನಿರು, ನಾನು ಹೋಗ್ತೀನಿ' ಅನ್ನಬಹುದಿತ್ತಲ್ಲ?

ಹೋಟೆಲ್ ಬಿಲ್ಲಿನಲ್ಲಿ ಹಾಸಿಗೆ ಹಾಸಿದವರ, ಬಚ್ಚಲು ತೊಳೆದವರ ಕೂಲಿ ಸೇರಿರುತ್ತದೆ, ಅದಕ್ಕೇ ದುಬಾರಿ ಕಾಣುತ್ತದೆ. ಆರ್‌ವಿ ಬಿಲ್ಲಿನಲ್ಲಿ ಆ ಕೆಲಸ ನಮ್ಮ ತಲೆಗೆ ಬರುತ್ತದೆ, ಬಿಲ್ಲಿಗೆ ಬರುವುದಿಲ್ಲ. ಉಳಿಯಿತು ಅನ್ನುವ ದುಡ್ಡು ಯಾರ ಬೆವರಿನದು ಅಂತ ಮನೆಯವರೆಲ್ಲ ಒಮ್ಮೆ ಕೂತು ಲೆಕ್ಕ ಹಾಕಬೇಕು.

ಹಾಗಾದರೆ ಆರ್‌ವಿ ಬೇಡವೇ ಬೇಡವಾ?

ಹಾಗಲ್ಲ. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಅಂತ ದಿನಕ್ಕೊಂದು ಕಡೆ ಸುತ್ತುವವರಿಗೆ, ದಾರಿಯೇ ಪ್ರವಾಸ ಅನ್ನುವವರಿಗೆ ಅದು ಹೇಳಿ ಮಾಡಿಸಿದ್ದು. ಒಂದೇ ಕಡೆ ನಾಲ್ಕು ದಿನ ಇದ್ದು ಪಾರ್ಕ್ ನೋಡುವವರಿಗೆ ಹೋಟೆಲ್ಲೇ ವಾಸಿ ಅನ್ನೋದು ನನ್ನ ಅನಿಸಿಕೆ. ಹೊರಡುವ ಮುಂಚೆ ಇಷ್ಟು ಗಮನಿಸಿ:

* ಊಟದ ಚಿಂತೆ ಇದ್ದರೆ ಸ್ಟೌ, ಫ್ರಿಜ್ ಇರುವ ಸ್ವೀಟ್ ಹೋಟೆಲ್ ನೋಡಿ. ಹಿರಿಯರಿಗೆ ಅನ್ನ ಮೊಸರಿಗೆ ತೊಂದರೆಯಿಲ್ಲ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದರೆ ಇನ್ನೂ ಒಳ್ಳೆಯದು.
* ಮಾಮೂಲಿ ರೂಮಿನಲ್ಲಿ ರೈಸ್ ಕುಕ್ಕರ್ ಹಚ್ಚುವ ಮುಂಚೆ ಕೇಳಿ. ಬಹಳ ಕಡೆ ಬಿಡುವುದಿಲ್ಲ.
* ಡಿಸ್ನಿ ಪಾರ್ಕುಗಳೊಳಗೆ ಮನೆ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಚಕ್ಕುಲಿ, ಕೋಡುಬಳೆ, ಅವಲಕ್ಕಿ ಮನೆಯಲ್ಲೇ ಕಟ್ಟಿಕೊಂಡರೆ ಅರ್ಧ ಕೆಲಸ ಕಡಿಮೆ.
* ಮಕ್ಕಳು ಹಟ ಹಿಡಿದು ಆರ್‌ವಿಯೇ ಆಗಬೇಕೆಂದರೆ, ಕ್ಯಾಂಪ್‌ಗ್ರೌಂಡಿಗೇ ತಂದು ನಿಲ್ಲಿಸಿ ಪೈಪು ಜೋಡಿಸಿಕೊಡುವವರಿದ್ದಾರೆ. ದಾರಿಯ ಪೆಟ್ರೋಲೂ ಡ್ರೈವಿಂಗೂ ಉಳಿಯುತ್ತದೆ.
* ಬಾಡಿಗೆ ಹಾಳೆಯಂತೆ ಕೆಲಸದ ಹಾಳೆಯೂ ಇರಲಿ. ಯಾರು ಪಾತ್ರೆ, ಯಾರು ಹಾಸಿಗೆ, ಯಾವ ರಾತ್ರಿ ಒಲೆ ಹಚ್ಚೋದೇ ಇಲ್ಲ ಅಂತ ಮೊದಲೇ ಬರೆದಿಡಿ.

ಮುಂದಿನ ಸಲ ಹೋಗುವುದಾದರೆ ಎಲ್ಲಿ ಉಳಿಯೋಣ ಅಂತ ಈಚೆಗೆ ಅಕ್ಕನನ್ನು ಫೋನಿನಲ್ಲಿ ಕೇಳಿದೆ. 'ಎಲ್ಲಾದರೂ ಸರಿ ಕಣೇ, ಆ ಸಿಡಿಮದ್ದು ಒಂದು ನೋಡ್ಬೇಕು' ಅಂದಳು. ಹೋಟೆಲ್ ಅಂತ ನಾನೇ ಬರೆದುಕೊಂಡಿದ್ದೇನೆ.