ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಯೇ?

ಕುಂಡದ ತಳದಲ್ಲಿ ಜಲ್ಲಿಯನ್ನೋ ಒಡೆದ ಹೆಂಚಿನ ಚೂರನ್ನೋ ಹರಡಿ, ಅದರ ಮೇಲೆ ಮಣ್ಣು ತುಂಬುವ ರೂಢಿ ನಮ್ಮಲ್ಲಿ ಹಲವರಿಗಿದೆ. ಹೀಗೆ ಮಾಡಿದರೆ ಹೆಚ್ಚಿನ ನೀರು ಬಸಿದುಹೋಗಿ ಬೇರು ಕೊಳೆಯುವುದಿಲ್ಲ ಎಂಬುದು ನಂಬಿಕೆ. ನಿಜಕ್ಕೂ ಹಾಗಾಗುತ್ತದೆಯೇ?

ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ನೆನೆಸಿ, ಅಡ್ಡಲಾಗಿ ಹಿಡಿಯೋಣ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ರಂಧ್ರಗಳೂ ಅವೇ. ಬದಲಾದದ್ದು ಎತ್ತರ ಮಾತ್ರ.

ಗುರುತ್ವ ನೀರನ್ನು ಕೆಳಗೆ ಎಳೆದರೆ, ಕಿರಿದಾದ ರಂಧ್ರಗಳು ಅದನ್ನು ಹಿಡಿದಿಡುತ್ತವೆ. ಇದೇ ಕೇಶಾಕರ್ಷಣೆ. 0.3 ಮಿ.ಮೀ. ಒಳವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 10 ಸೆಂ.ಮೀ. ಮೇಲೇರಬಲ್ಲದು. ಹಾಗಾಗಿ ಎಷ್ಟೇ ಬಸಿದರೂ ಕುಂಡದ ತಳದಲ್ಲಿ ನೀರು ತುಂಬಿದ ಒಂದು ಪದರ ಉಳಿಯುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಿಶ್ರಣದ ಕಣಗಳ ಗಾತ್ರವೇ ಹೊರತು ಕುಂಡದ ಎತ್ತರವಲ್ಲ.

ಜಲ್ಲಿ ಹಾಕಿದಾಗ, ಮಣ್ಣಿನ ಸಣ್ಣ ರಂಧ್ರಗಳಲ್ಲಿರುವ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ನಂತರವೇ ಅದು ಕೆಳಗೆ ಹರಿಯುತ್ತದೆ. ಅಂದರೆ ನೀರಿನ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ!

ಸಸಿಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಟೊಮೆಟೊ, ಮೆಣಸಿನಕಾಯಿ ಸಸಿ ಬೆಳೆಸುವ 98 ಗುಣಿಗಳ ಪ್ರೋಟ್ರೇಯ ಆಳ ಸುಮಾರು 4 ಸೆಂ.ಮೀ. ಮಾತ್ರ. ಅದಕ್ಕೆ ಜಿಗುಟಾದ ತೋಟದ ಮಣ್ಣು ತುಂಬಿದರೆ ಇಡೀ ಗುಣಿಯೇ ನೀರಿನ ಪದರವಾಗಿಬಿಡುತ್ತದೆ. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಬೇರುಗಳಿಗೆ ಉಸಿರುಕಟ್ಟುತ್ತದೆ. ನೀರಿನಲ್ಲಿ ಈಜುವ ಬೀಜಕಗಳಿರುವ ಪಿಥಿಯಂನಂಥ ರೋಗಾಣುಗಳಿಗೆ ಇದು ಹಬ್ಬ. ಸಸಿಗಳು ಬುಡ ಕೊಳೆತು ಮಲಗುತ್ತವೆ. ನರ್ಸರಿಗಳು ಕೋಕೋಪೀಟ್ ಬಳಸಲು ಇದೂ ಒಂದು ಕಾರಣ. ಅದರ ದೊಡ್ಡ ರಂಧ್ರಗಳಲ್ಲಿ ಗಾಳಿ, ಸಣ್ಣ ರಂಧ್ರಗಳಲ್ಲಿ ನೀರು ಉಳಿಯುತ್ತವೆ.

ಹಾಗಾದರೆ ನಾವೇನು ಮಾಡಬೇಕು?

- ಪರ್ಲೈಟ್‌ನಂಥ ದಪ್ಪ ಕಣಗಳನ್ನು ತಳದಲ್ಲಿ ಹರಡುವ ಬದಲು ಇಡೀ ಮಿಶ್ರಣಕ್ಕೆ ಬೆರೆಸಬೇಕು.
- ಮಿಶ್ರಣವನ್ನು ಒತ್ತಿ ಒತ್ತಿ ತುಂಬಬಾರದು. ಒತ್ತಿದಷ್ಟೂ ದೊಡ್ಡ ರಂಧ್ರಗಳು ಮುಚ್ಚುತ್ತವೆ.
- ತಳದ ತೂತಿನಿಂದ ಮಣ್ಣು ಜಾರದಂತೆ ಒಂದು ತುಂಡು ಜಾಲರಿ ಇಟ್ಟರೆ ಸಾಕು.
- ಮೇಲ್ಭಾಗ ಒಣಗಿದೆ ಎಂದು ನೀರು ಹಾಕುವ ಮೊದಲು ಟ್ರೇಯನ್ನು ಎತ್ತಿ ನೋಡಬೇಕು. ಇನ್ನೂ ಭಾರವಿದ್ದರೆ ನೀರು ತಳದಲ್ಲೇ ಇದೆ ಎಂದರ್ಥ.