ತುಟಿಯನ್ನಷ್ಟೇ ಆಡಿಸಿದ ಬಾಲಕ



ಬೇಸಿಗೆ ಬಂತೆಂದರೆ ನಮ್ಮ ಮಠಗಳ ಅಂಗಳಗಳಲ್ಲಿ, ಸಮುದಾಯ ಭವನಗಳಲ್ಲಿ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ಹಾವೇರಿಯ ಕಡೆಯ ತಾಯಿಯೊಬ್ಬರು ಈ ಸಂದರ್ಭದಲ್ಲಿ ನನಗೊಂದು ಪತ್ರ ಬರೆದಿದ್ದಾರೆ. ಒಂಬತ್ತು ವರ್ಷದ ತಮ್ಮ ಮಗನಿಗೆ ವಚನಗಾಯನದ ಶಿಬಿರಕ್ಕೆ ಹೋಗಬೇಕೆಂಬ ಆಸೆ. ಆದರೆ ಅವನಿಗೆ ಶ್ರುತಿ ಕೂಡುವುದಿಲ್ಲ. ನಾಲ್ಕು ಮಕ್ಕಳೆದುರು ಅವಮಾನವಾದೀತೆಂಬ ಭಯ ತಾಯಿಗೆ. ಕಳುಹಿಸಲೋ ಬೇಡವೋ ಎಂಬುದು ಅವರ ಪ್ರಶ್ನೆ. ಉತ್ತರ ಬರೆಯುವ ಮುನ್ನ ನನ್ನದೇ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮೂರಿನ ಭವನದಲ್ಲಿ ಹನ್ನೆರಡು ದಿನಗಳ ಶಿಬಿರವನ್ನು ನಡೆಸುವ ಹೊಣೆ ನನ್ನ ಮೇಲಿತ್ತು. ಅರವತ್ತು ಮಕ್ಕಳು. ಬೆಳಿಗ್ಗೆ ಯೋಗಾಸನ, ಬಳಿಕ ವಚನ ಕಂಠಪಾಠ, ಮಧ್ಯಾಹ್ನ ಚಿತ್ರಕಲೆ, ಸಂಜೆ ಸಂಗೀತ. ಸಮಾರೋಪದ ದಿನ ಪೂಜ್ಯರ ಸನ್ನಿಧಿಯಲ್ಲಿ ಮಕ್ಕಳು ಹತ್ತು ವಚನಗಳನ್ನು ಹಾಡಬೇಕೆಂದು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಿಬಿಟ್ಟಿದ್ದೆವು. ಮಕ್ಕಳು ಬರುವ ಮೊದಲೇ ಪತ್ರಿಕೆ ಅಚ್ಚಾಗಿತ್ತು! ಗುಂಪಿನಲ್ಲಿ ಒಬ್ಬ ಬಾಲಕನ ಧ್ವನಿ ಮಾತ್ರ ಬೇರೆಯಾಗಿ ಕೇಳುತ್ತಿತ್ತು. ಎಲ್ಲರೂ ಮೇಲೇರಿದರೆ ಅವನು ಕೆಳಗೆಲ್ಲೋ ಗೊಗ್ಗರವಾಗಿ ನಿಲ್ಲುತ್ತಿದ್ದ. ಹನ್ನೊಂದನೆಯ ದಿನ ನಾನು ಅವನನ್ನು ಪಕ್ಕಕ್ಕೆ ಕರೆದು, ಬೆನ್ನು ತಟ್ಟಿ, “ಅಪ್ಪೀ, ನಾಳೆ ನೀನು ತುಟಿಯನ್ನಷ್ಟೇ ಆಡಿಸು, ಧ್ವನಿ ತೆಗೆಯಬೇಡ” ಎಂದೆ. ಅವನು ತಲೆಯಾಡಿಸಿದ, ಮರುದಿನ ಹಾಗೆಯೇ ಮಾಡಿದ. ಕಾರ್ಯಕ್ರಮ ಯಶಸ್ವಿಯಾಯಿತೆಂದು ಎಲ್ಲರೂ ಕೊಂಡಾಡಿದರು. ನಾನೂ ಹಾಗೆಯೇ ಭಾವಿಸಿದೆ.

ಮರುವರ್ಷ ಅವನು ಬರಲಿಲ್ಲ. ಜಾತ್ರೆಯಲ್ಲಿ ಅವನ ಅಜ್ಜಿ ಭೇಟಿಯಾದಾಗ ವಿಚಾರಿಸಿದೆ. “ಶಾಸ್ತ್ರಿಗಳ, ಆ ದಿನದಿಂದ ಅವ ಮನ್ಯಾಗ ಒಂದ್ ಹಾಡೂ ಹಾಡವಲ್ಲ. ಮೊದಲ ಜಳಕಾ ಮಾಡೂವಾಗ ಒಂದಽ ಸವನ ಹಾಡಾಂವ, ಈಗ ಅಲ್ಲೂ ಸುಮ್ನಿರ್ತಾನ್ರೀ” ಎಂದರು ಆ ತಾಯಿ. ಅವರ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ಸಂಗತಿಯನ್ನು ಕೆಲವು ಕಾಲದ ನಂತರ ಹಿರಿಯ ಸಂಗೀತ ಶಿಕ್ಷಕರೊಬ್ಬರಲ್ಲಿ ಹೇಳಿಕೊಂಡೆ. ಅವರು ಕೇಳಿದ ಮೊದಲ ಪ್ರಶ್ನೆಯೇ “ಕಲಿಸಿದವರು ಗಂಡಸರೋ ಹೆಂಗಸರೋ?” ಎಂಬುದು. ಗಂಡಸರು ಎಂದೆ. ಅವರು ನಕ್ಕು ವಿವರಿಸಿದರು: ಧ್ವನಿ ಒಡೆಯದ ಬಾಲಕನ ಕಂಠ ಪ್ರೌಢ ಪುರುಷನ ಕಂಠಕ್ಕಿಂತ ಸುಮಾರು ಒಂದು ಸಪ್ತಕ ಮೇಲಿರುತ್ತದೆ. ಬಹಳ ಮಕ್ಕಳು ತಾವಾಗಿಯೇ ಮೇಲಿನ ಷಡ್ಜವನ್ನು ಹಿಡಿದುಕೊಳ್ಳುತ್ತಾರೆ. ಕೆಲವರು ಮಾತ್ರ ಗುರುವಿನ ಧ್ವನಿಯನ್ನು ಕೇಳಿದಂತೆಯೇ ಒಪ್ಪಿಸಬೇಕೆಂದು ತಮ್ಮ ಕಂಠವನ್ನು ಕೆಳಕ್ಕೆ ಎಳೆಯುತ್ತಾರೆ. ಅಲ್ಲಿಗೆ ಅದು ಇಳಿಯದು, ಮೇಲೆಯೂ ನಿಲ್ಲದು. ಅಂಥ ಮಗುವಿಗೆ ಕಿವಿಯಿಲ್ಲವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಮಗು ಸಹಜವಾಗಿ ಯಾವ ಸ್ವರದಲ್ಲಿ ಧ್ವನಿ ತೆಗೆಯುತ್ತದೆಯೋ ಅದನ್ನೇ ಹಾರ್ಮೋನಿಯಂನಲ್ಲಿ ಹುಡುಕಿ, ಅಲ್ಲಿಂದ ಆರಂಭಿಸಬೇಕು. ಇಲ್ಲವೆ ಹಾಡಬಲ್ಲ ಹುಡುಗಿಯೊಬ್ಬಳನ್ನೋ ತಾಯಿಯೊಬ್ಬರನ್ನೋ ಅವನ ಪಕ್ಕದಲ್ಲಿ ಕೂರಿಸಬೇಕು. ಎಂಟು ಹತ್ತು ದಿನಗಳಲ್ಲಿ ಅನೇಕರಿಗೆ ದಾರಿ ಸಿಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಹೀಗೆಂದು ಆ ಹಿರಿಯರು ಹೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಅತಿಯಾದ ಗುರುಭಕ್ತಿಯಿಂದ ಕೆಳಗಿಳಿದಿದ್ದ ಕಂಠವನ್ನು ನಾನು ಮುಚ್ಚಿಸಿದ್ದೆನಲ್ಲ!

ಇದು ನನಗೆ ಹೊಳೆಯದೆ ಹೋದುದಕ್ಕೆ ಕ್ಷಮೆಯಿಲ್ಲ. ಏಕೆಂದರೆ ಮಕ್ಕಳಿಗೆ ಸಂಗೀತ ಕಲಿಸುವುದೆಂದರೇನು ಎಂಬುದನ್ನು ತೋರಿಸಿಕೊಟ್ಟ ಗದುಗು ನಮ್ಮ ನೆರೆಯಲ್ಲಿಯೇ ಇದೆ. ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯ ಕುರುಡು ಬಾಲಕರು. ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳ ಕಂಠವನ್ನು ಗುರುತಿಸಿ, ಸಂಗೀತ ಶಿಕ್ಷಣದ ಭಾರವನ್ನು ತಾವು ವಹಿಸಿಕೊಂಡರು. ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲಿಯೂ ಪರಿಣತರಾದ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಪಾಠಶಾಲೆ ನಡೆಸಿದರು. ಕಟ್ಟಡವಿಲ್ಲ, ನೆಲೆಯಿಲ್ಲ, ಯಾವ ಊರಿನಲ್ಲಿ ಪ್ರಸಾದಕ್ಕೆ ಅನುಕೂಲವಾಯಿತೋ ಅಲ್ಲಿಯೇ ಪಾಠ. ನಾಡಿನ ನಿಜವಾದ ಮಕ್ಕಳ ಶಿಬಿರ ಅದೇ ಎಂದು ನನಗೆ ಅನ್ನಿಸುತ್ತದೆ. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಅದನ್ನು ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ದೀರ್ಘಕಾಲ ನಡೆಸಿದರು. ಅವರೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು.

ಅಲ್ಲಿ ಕಲಿತವರೆಂದರೆ ಬಸವರಾಜ ರಾಜಗುರು, ವೆಂಕಟೇಶಕುಮಾರರಂಥ ಹೆಸರುಗಳು ನಮ್ಮ ಬಾಯಿಗೆ ಬರುತ್ತವೆ. ಬರಲಿ, ಹೆಮ್ಮೆಯೇ. ಆದರೆ ಆಶ್ರಮಕ್ಕೆ ಸೇರಿದ ಪ್ರತಿಯೊಂದು ಮಗುವೂ ದೊಡ್ಡ ಗಾಯಕನಾಗಲಿಲ್ಲ. ತಬಲಾಕ್ಕೆ ಕುಳಿತವರಿದ್ದಾರೆ, ಹಾರ್ಮೋನಿಯಂ, ಪಿಟೀಲು ಹಿಡಿದವರಿದ್ದಾರೆ, ಕೀರ್ತನೆ ಪುರಾಣಗಳಿಂದ ಬದುಕು ಕಟ್ಟಿಕೊಂಡವರಿದ್ದಾರೆ. ಮಗುವಿನಲ್ಲಿ ಏನಿದೆಯೆಂದು ಕಾದು ನೋಡುವ ತಾಳ್ಮೆ ಆ ಗುರುಗಳಿಗಿತ್ತು. ನಮಗೆ ಹನ್ನೆರಡು ದಿನಗಳೊಳಗೆ ವೇದಿಕೆ ಬೇಕು, ಅದರ ಮೇಲೆ ಸನ್ಮಾನ ಬೇಕು, ಈಗಂತೂ ಮೊಬೈಲಿನಲ್ಲಿ ಚಿತ್ರವೂ ಬೇಕು.

ವಚನಗಾಯನದ ವಿಷಯದಲ್ಲಿ ಇನ್ನೊಂದು ಮಾತಿದೆ. ವಚನದ ಸಾಲುಗಳು ಸಮ ಅಳತೆಯವಲ್ಲ. ತಾಳದ ಆವರ್ತನಕ್ಕೆ ಕೂಡಿಸುವಾಗ ಒಂದು ಪದವನ್ನು ಎಳೆಯಬೇಕು, ಇನ್ನೊಂದನ್ನು ಒತ್ತಿ ಹೇಳಬೇಕು. ಎಲ್ಲಿ ಎಳೆಯಬೇಕೆಂಬುದನ್ನು ಅರ್ಥವೇ ಹೇಳಿಕೊಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ (1910-1992) ವಚನಗಾಯನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಮಗು ಮೊದಲು ವಚನವನ್ನು ಮಾತಿನಂತೆ ಹೇಳಲಿ, ಯಾರದು, ಅಂಕಿತವೇನು, ಯಾರಿಗೆ ಹೇಳಿದ್ದು ಎಂದು ಕೇಳಲಿ. ರಾಗ ಆಮೇಲೆ ಬರಲಿ. ಹೀಗೆ ಕಲಿಸಹೊರಟರೆ ಹನ್ನೆರಡು ದಿನಕ್ಕೆ ಮೂರು ವಚನಗಳಾದರೆ ಹೆಚ್ಚು. ಹತ್ತು ವಚನಗಳೆಂದು ಅಚ್ಚು ಹಾಕಿಸುವವರು ನನ್ನಂಥವರು.

ಪತ್ರ ಬರೆದ ತಾಯಿಗೆ ನನ್ನ ಬಿನ್ನಹವಿಷ್ಟು: ಮಗನನ್ನು ಅವಶ್ಯ ಕಳುಹಿಸಿರಿ. ಆದರೆ ಸೇರಿಸುವ ದಿನ ನೀವೂ ಹೋಗಿ, ಮಕ್ಕಳನ್ನು ಒಬ್ಬೊಬ್ಬರಾಗಿ ಹಾಡಿಸಿ ಕೇಳುವರೇ ಎಂದು ವಿಚಾರಿಸಿರಿ. ಮೊಬೈಲಿನಲ್ಲಿ ಸಿದ್ಧ ವಾದ್ಯಮೇಳ ಹಾಕಿ, ಅದರ ಶ್ರುತಿಗೇ ಎಲ್ಲರನ್ನೂ ಹಾಡಿಸುವುದಾದರೆ, ಬೇರೆ ಶಿಬಿರ ಹುಡುಕುವುದು ಲೇಸು. ಮನೆಯಲ್ಲಿ ಪೂಜೆಯ ಹೊತ್ತಿಗೆ ನೀವು ಹಾಡುತ್ತೀರಾದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ತಾಯಿಯ ಧ್ವನಿ ಬಾಲಕನ ಧ್ವನಿಗೆ ಹತ್ತಿರದ್ದು. ತಪ್ಪಿದರೆ ತಿದ್ದುವ ಅವಸರ ಬೇಡ.

ನಮ್ಮ ಭವನದಲ್ಲಿಯೂ ಈ ಸಲ ಬಸವ ಜಯಂತಿಯ ಮರುದಿನದಿಂದ ಶಿಬಿರವಿದೆ. ಮೊದಲೆರಡು ದಿನ ಸಂಗೀತದ ಗುರುಗಳು ಬೇರೇನೂ ಕಲಿಸದೆ, ಪ್ರತಿ ಮಗುವಿನ ಧ್ವನಿ ಕೇಳಿ, ಷಡ್ಜವನ್ನು ಬರೆದಿಟ್ಟುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ. ಅಷ್ಟು ಮಕ್ಕಳಿಗೆ ಎರಡು ದಿನ ಸಾಲದೆಂದು ಅವರ ವಾದ. ಹಾಗಾದರೆ ಮೂರು ದಿನ ತೆಗೆದುಕೊಳ್ಳಿರೆಂದಿದ್ದೇನೆ. ಆಮಂತ್ರಣ ಪತ್ರಿಕೆಯನ್ನು ಈ ಬಾರಿ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.